ಹನ್ನೆರಡು ನಿಮಿಷದ ವ್ಯಾಪಾರ

ಬೆಂಗಳೂರು–ಮೈಸೂರು ಹೆದ್ದಾರಿ ಸುಮಾರು 118 ಕಿ.ಮೀ. ಗಂಟೆಗೆ 100ರಂತೆ ಎಲ್ಲೂ ನಿಲ್ಲದೆ ಓಡಿದರೆ 71 ನಿಮಿಷ, 120ರಲ್ಲಿ 59. ಮಿಗುವುದು ಹನ್ನೆರಡೇ ನಿಮಿಷ. ಮದ್ದೂರಿನಲ್ಲಿ ಇಳಿದು ಎರಡು ವಡೆ ತಿಂದು ಕಾಫಿ ಕುಡಿಯಲೂ ಸಾಲದು.

ಈ ಹನ್ನೆರಡು ನಿಮಿಷಕ್ಕೆ ತೆರುವ ಬೆಲೆ ಎಷ್ಟು? 100ರಲ್ಲಿ ಕಾರು ಸೆಕೆಂಡಿಗೆ 28 ಮೀಟರ್ ಓಡುತ್ತದೆ. ಅಡ್ಡ ಬಂದ ನಾಯಿ ಕಣ್ಣಿಗೆ ಬಿದ್ದು ಕಾಲು ಬ್ರೇಕಿಗೆ ಹೋಗುವಷ್ಟರಲ್ಲಿ ಒಂದೂವರೆ ಸೆಕೆಂಡು, ಅಂದರೆ 42 ಮೀಟರ್, ಕಳೆದಿರುತ್ತದೆ. ಒಣ ರಸ್ತೆ, ಒಳ್ಳೆಯ ಟೈರು ಇದ್ದರೂ ನಿಲ್ಲಲು ಇನ್ನೂ 55 ಮೀಟರ್ ಬೇಕು. ಒಟ್ಟು 97. ಅದೇ ಲೆಕ್ಕ 120ಕ್ಕೆ 130ರ ಹತ್ತಿರ ಹೋಗುತ್ತದೆ. ಇನ್ನೊಂದು ರೀತಿ ನೋಡಿ: 100ರ ಕಾರು ಪೂರ್ತಿ ನಿಂತ ಜಾಗವನ್ನು 120ರ ಕಾರು ಬ್ರೇಕ್ ಒತ್ತಿಕೊಂಡೇ 75ಕ್ಕೂ ಹೆಚ್ಚು ವೇಗದಲ್ಲಿ ದಾಟುತ್ತದೆ. ಮಳೆಯಲ್ಲಿ ನಿಲ್ಲಲು ಬೇಕಾದ ದೂರ ಇನ್ನೂ ಉದ್ದವಾಗುತ್ತದೆ. ಫಲಕದ ಮೇಲಿನ 100 ಮೀರಬಾರದ ಗೆರೆ ಅಷ್ಟೇ. ಜಡಿಮಳೆಯಲ್ಲೂ ಅಷ್ಟರಲ್ಲೇ ಹೋಗಬೇಕೆಂಬ ಹರಕೆಯೇನಲ್ಲ.

2023ರ ಮಾರ್ಚ್‌ನಲ್ಲಿ ಉದ್ಘಾಟನೆಯಾದ ಈ ರಸ್ತೆಯಲ್ಲಿ ಅದೇ ವರ್ಷ ಆಗಸ್ಟ್ 1ರಿಂದ ಬೈಕು, ಆಟೊ, ಟ್ರ್ಯಾಕ್ಟರುಗಳನ್ನು ಸರ್ವಿಸ್ ರಸ್ತೆಗೆ ಕಳಿಸಲಾಯಿತು. ಆಕ್ಷೇಪಗಳು ಬಂದವು. ನನಗೆ ಮಾತ್ರ ಅದು ಸರಿ ಎನಿಸಿತು: 30ರಲ್ಲಿ ಸಾಗುವ ಟ್ರ್ಯಾಕ್ಟರಿನ ಹಿಂದೆ 100ರ ಕಾರು ಬಂದರೆ ಇಬ್ಬರಿಗೂ ಉಳಿಗಾಲವಿಲ್ಲ. ಮರುವರ್ಷ ಆಗಸ್ಟ್ 1ರಿಂದ ರಾಜ್ಯದಲ್ಲಿ 130 ದಾಟಿದರೆ ಎಫ್‌ಐಆರ್ ಎಂದಾಯಿತು. ಕ್ಯಾಮೆರಾಗಳೂ ಬಂದವು. ಕಂಬ ಕಂಡೊಡನೆ ಸಾಧುವಾಗಿ, ದಾಟಿದೊಡನೆ ಹಾರುವ ಚಾಳಿಯೂ ಅವುಗಳ ಜೊತೆಗೇ ಬಂತು.

ಒಂದು ಗಂಟೆ 100ರಲ್ಲಿ ಓಡಿಸಿದವನಿಗೆ 60 ಎಂದರೆ ಎತ್ತಿನಗಾಡಿ. ಕಣ್ಣು ವೇಗಕ್ಕೆ ಒಗ್ಗಿಬಿಟ್ಟಿರುತ್ತದೆ. ಹೆದ್ದಾರಿಯಿಂದ ಊರಿಗೆ ಇಳಿಯುವ ತಿರುವಿನಲ್ಲಿ ನಂಬಬೇಕಾದ್ದು ಮೀಟರಿನ ಮುಳ್ಳನ್ನು. ಒಮ್ಮೆ ಬಿಡದಿಯ ಹತ್ತಿರ ಬಿಳಿ ಕಾರೊಂದು ಹಾರ್ನ್ ಬಾರಿಸಿ ನನ್ನನ್ನು ಹಿಂದೆ ಹಾಕಿತು. ಮೈಸೂರಿನ ರಿಂಗ್ ರಸ್ತೆಯ ಸಿಗ್ನಲ್ಲಿನಲ್ಲಿ ನನ್ನ ಮುಂದೆಯೇ ನಿಂತಿತ್ತು.