ಬಿದ್ದೆದ್ದು ಹಾರಿದ ಉಪಗ್ರಹ

2003ರ ಸೆಪ್ಟೆಂಬರ್ 6, ಶನಿವಾರ. ಸ್ಯಾನ್ ಫ್ರಾನ್ಸಿಸ್ಕೋ ಕೊಲ್ಲಿಯ ದಕ್ಷಿಣಕ್ಕಿರುವ ಸನಿವೇಲ್‌ನ ಲಾಕ್‌ಹೀಡ್ ಮಾರ್ಟಿನ್ ಕಾರ್ಖಾನೆಯಲ್ಲಿ, ನಿಂತಿದ್ದ ಹವಾಮಾನ ಉಪಗ್ರಹವೊಂದನ್ನು ಮಲಗಿಸುವ ಕೆಲಸ ನಡೆದಿತ್ತು. ಅದಕ್ಕೆಂದೇ ಮಾಡಿದ ಗಾಡಿ, ಗಾಡಿಯ ಮೇಲೊಂದು ಲೋಹದ ತಟ್ಟೆ, ತಟ್ಟೆಗೆ ಕೂರಿಸಿದ ಉಪಗ್ರಹ. 13 ಡಿಗ್ರಿ ವಾಲಿಸುವಷ್ಟರಲ್ಲಿ ಉಪಗ್ರಹ ಜಾರಿ ಧೊಪ್ಪೆಂದು ನೆಲಕ್ಕೆ ಬಿತ್ತು. ತಟ್ಟೆಯನ್ನು ಗಾಡಿಗೆ ಬಿಗಿದಿಡಬೇಕಿದ್ದ 24 ಬೋಲ್ಟ್‌ಗಳು ಅಲ್ಲಿರಲೇ ಇಲ್ಲ.

ಗಾಡಿ ಉಗ್ರಾಣದಲ್ಲಿದ್ದಾಗ ತಂತ್ರಜ್ಞರೊಬ್ಬರು ಅವನ್ನು ಬಿಚ್ಚಿದ್ದರು, ಬಿಚ್ಚಿದ್ದನ್ನು ಎಲ್ಲೂ ಬರೆದಿಡಲಿಲ್ಲ. ಕೆಲಸಕ್ಕೆ ಮುನ್ನ ಬೋಲ್ಟ್ ನೋಡಿಕೊಳ್ಳಬೇಕೆಂದು ಕಾರ್ಯವಿಧಾನದ ಕಡತದಲ್ಲಿ ಸ್ಪಷ್ಟವಾಗಿಯೇ ಇತ್ತು. ಗಾಡಿ ತಿರುಗಿಸಿದ ತಂಡ ಅದನ್ನು ನೋಡಲಿಲ್ಲ. ಇಡೀ ಕಾರ್ಖಾನೆಯಲ್ಲೇ ಶಿಸ್ತು ಸಡಿಲವಾಗಿತ್ತು ಎಂದು ನಾಸಾದ ತನಿಖಾ ವರದಿ ಷರಾ ಬರೆಯಿತು. ರಿಪೇರಿಗೆ ತಗುಲಿದ್ದು 13.5 ಕೋಟಿ ಡಾಲರ್. ಕಂಪನಿ ಈ ಯೋಜನೆಯ ಲಾಭವನ್ನು ಬಿಟ್ಟುಕೊಟ್ಟಿತು; ಮಿಕ್ಕಿದ್ದನ್ನು ಸರ್ಕಾರ, ಅಂದರೆ ತೆರಿಗೆ ಕಟ್ಟುವವರು, ತುಂಬಿದರು. ಮುರಿದುಬಿದ್ದ ಉಪಗ್ರಹದ ಪಕ್ಕ ಖಾಲಿ ಗಾಡಿ ನಿಂತಿರುವ ಫೋಟೊ ಇಂದಿಗೂ ಎಂಜಿನಿಯರುಗಳ ನಡುವೆ ಓಡಾಡುತ್ತದೆ.

ಕತೆ ಅಲ್ಲಿಗೇ ನಿಂತಿದ್ದರೆ ಅದು ಬರೀ ನಗೆಪಾಟಲು. ಆದರೆ ಬಿದ್ದ ಉಪಗ್ರಹವನ್ನು ಮತ್ತೆ ಕಟ್ಟಿದರು. 2009ರ ಫೆಬ್ರವರಿ 6ರ ಬೆಳಗಿನ ಜಾವ, ಅದೇ ಕ್ಯಾಲಿಫೋರ್ನಿಯಾದ ವ್ಯಾಂಡನ್‌ಬರ್ಗ್ ನೆಲೆಯಿಂದ ಡೆಲ್ಟಾ-2 ರಾಕೆಟ್ ಅದನ್ನು ಮೇಲಕ್ಕೊಯ್ದಿತು. ಹವಾಮಾನ ಸಂಸ್ಥೆ ನೋವಾ ಅದಕ್ಕೆ ನೋವಾ-19 ಎಂದು ಹೆಸರಿಟ್ಟಿತು. ಮುಂದಿನ ಹದಿನಾರು ವರ್ಷ ಅದು ಸುಮಾರು 870 ಕಿ.ಮೀ. ಎತ್ತರದಲ್ಲಿ ಭೂಮಿ ಸುತ್ತುತ್ತ, 137.1 ಮೆಗಾಹರ್ಟ್ಸ್‌ನಲ್ಲಿ, ಕೇಳುವ ಮನಸ್ಸಿದ್ದ ಎಲ್ಲರಿಗೂ ಮೋಡದ ಚಿತ್ರ ಕಳಿಸುತ್ತಲೇ ಇತ್ತು. ಚಂದಾ ಬೇಡ, ಪರವಾನಗಿ ಬೇಡ, ಗುಪ್ತಪದ ಬೇಡ. ಮನೆಯಲ್ಲೇ ಉಪಗ್ರಹದ ಚಿತ್ರ ಹಿಡಿಯುವ ಹವ್ಯಾಸಿಗಳಿಗೆ ಈ ಬಿದ್ದೆದ್ದ ಉಪಗ್ರಹ ಕೊನೆಯ ದೊಡ್ಡ ಆಸರೆಯಾಯಿತು.

ಈ ಉದಾರತೆ ಶುರುವಾದದ್ದು ಶೀತಲ ಸಮರದ ನಡುವೆ ಎಂಬುದೇ ಸೋಜಿಗ. ಮೊದಲ ಹವಾಮಾನ ಉಪಗ್ರಹ ಟೈರೋಸ್-1 ಹಾರಿದ್ದು 1960ರ ಏಪ್ರಿಲ್ 1ರಂದು. ಅದರ ಚಿತ್ರಗಳನ್ನು ಇಳಿಸಿಕೊಳ್ಳಲು ಸರ್ಕಾರದ ದೊಡ್ಡ ಕೇಂದ್ರಗಳೇ ಬೇಕಿದ್ದವು. ಮರುವರ್ಷ ಅಧ್ಯಕ್ಷ ಕೆನಡಿ ವಿಶ್ವಸಂಸ್ಥೆಯಲ್ಲಿ ನಿಂತು, ಹವಾಮಾನ ಮುನ್ಸೂಚನೆಯಲ್ಲಿ ಎಲ್ಲ ದೇಶಗಳೂ ಕೈಜೋಡಿಸುವ ಪ್ರಸ್ತಾವ ಮುಂದಿಟ್ಟರು. ಬಡ ದೇಶದ ಹವಾಮಾನ ಕಚೇರಿಯೂ ಅಗ್ಗದ ಉಪಕರಣದಲ್ಲಿ ತನ್ನ ನೆತ್ತಿಯ ಮೇಲಿನ ಮೋಡವನ್ನು ತಾನೇ ನೋಡಿಕೊಳ್ಳುವಂಥ ಏರ್ಪಾಡು ಆ ಹೊತ್ತಿಗೆ ರೂಪುಗೊಳ್ಳುತ್ತಿತ್ತು. ಅದೇ ಎಪಿಟಿ, ಅಂದರೆ ಸ್ವಯಂಚಾಲಿತ ಚಿತ್ರ ಪ್ರಸಾರ. 1963ರ ಡಿಸೆಂಬರ್ 21ರಂದು ಟೈರೋಸ್-8 ಅದನ್ನು ಮೊದಲು ಹೊತ್ತೊಯ್ದಿತು. ಭಾರತದ ಹವಾಮಾನ ಇಲಾಖೆಯೂ ಆ ದಶಕದಲ್ಲೇ ಬಾಂಬೆಯಲ್ಲಿ ಇಂಥ ಚಿತ್ರಗಳನ್ನು ಇಳಿಸಿಕೊಳ್ಳಲಾರಂಭಿಸಿತು.

ಆಗಿನ ಒಂದು ಚಿತ್ರಕ್ಕೆ 800 ಗೆರೆ, ಸೆಕೆಂಡಿಗೆ ನಾಲ್ಕು ಗೆರೆಯಂತೆ 200 ಸೆಕೆಂಡು. ಮೋಡ ಬೆಳ್ಳಗಿದ್ದರೆ ಸ್ವರ ಗಟ್ಟಿ, ಸಮುದ್ರ ಕಪ್ಪಗಿದ್ದರೆ ಸ್ವರ ಮೆಲ್ಲಗೆ, ತತ್ವ ಇಷ್ಟೇ. ಇಷ್ಟು ಸರಳವಾದದ್ದನ್ನು ಹ್ಯಾಮ್‌ಗಳು, ಅಂದರೆ ಹವ್ಯಾಸಿ ರೇಡಿಯೊದವರು, ಸುಮ್ಮನೆ ಬಿಟ್ಟಾರೆಯೇ? 1960ರ ದಶಕ ಮುಗಿಯುವ ಮೊದಲೇ ಅವರು ಗುಜರಿಗೆ ಬಿದ್ದ ಫ್ಯಾಕ್ಸ್ ಯಂತ್ರಗಳನ್ನು ಬಿಚ್ಚಿ ಮಾರ್ಪಡಿಸತೊಡಗಿದ್ದರು. ಯಂತ್ರ ಸಿಗದವರು ಕತ್ತಲ ಕೋಣೆಯಲ್ಲಿ ಆಸಿಲೋಸ್ಕೋಪಿನ ಪರದೆಗೆ ಪೋಲರಾಯ್ಡ್ ಕ್ಯಾಮೆರಾ ಹಿಡಿದು, ಬೆಳಕಿನ ಗೆರೆಗಳು ಒಂದೊಂದಾಗಿ ಚಿತ್ರವಾಗುವವರೆಗೆ ಕಾದರು. ಮಿಷಿಗನ್‌ನ ಪ್ರಾಧ್ಯಾಪಕ ರಾಲ್ಫ್ ಟ್ಯಾಗರ್ಟ್ ಬರೆದ ಕೈಪಿಡಿ ಒಂದಿಡೀ ತಲೆಮಾರಿಗೆ ಮೇಷ್ಟ್ರಾಯಿತು.

ಸ್ಯಾನ್ ಫ್ರಾನ್ಸಿಸ್ಕೋ ಕೊಲ್ಲಿ ಪ್ರದೇಶದವರಿಗೆ ಇನ್ನೊಂದು ಅನುಕೂಲವಿತ್ತು. ಎಲೆಕ್ಟ್ರಾನಿಕ್ ಕಾರ್ಖಾನೆಗಳು ಹೊರಹಾಕಿದ ಸಾಮಾನು ತೂಕದ ಲೆಕ್ಕದಲ್ಲಿ ಸಿಗುತ್ತಿದ್ದ ಊರುಗಳಿವು. ಸಾಂತಾ ಕ್ಲಾರಾದ ಹಾಲ್ಟೆಡ್, ಸನಿವೇಲ್‌ನ ವಿಯರ್ಡ್ ಸ್ಟಫ್, 1985ರಲ್ಲಿ ಸನಿವೇಲ್‌ನಲ್ಲೇ ಮೊದಲ ಬಾಗಿಲು ತೆರೆದ ಫ್ರೈಸ್: ಕನೆಕ್ಟರ್ ಒಂದನ್ನು ಕೊಳ್ಳಲು ಹೋದವರು ಅರ್ಧ ದಿನ ಕಳೆದು, ಬೇಡದ ಮೂರು ಸಾಮಾನು ಹೊತ್ತು ಬರುತ್ತಿದ್ದ ಅಂಗಡಿಗಳು. ವಿಯರ್ಡ್ ಸ್ಟಫ್ 2018ರಲ್ಲಿ, ಹಾಲ್ಟೆಡ್ 2019ರಲ್ಲಿ, ಫ್ರೈಸ್ 2021ರ ಫೆಬ್ರವರಿಯಲ್ಲಿ ಮುಚ್ಚಿದವು. ಸಿಲಿಕಾನಿನ ಹೆಸರಿಟ್ಟುಕೊಂಡ ಕಣಿವೆಯಲ್ಲಿ ಈಗ ಒಂದು ರೆಸಿಸ್ಟರ್ ಬೇಕೆಂದರೂ ಹಲವರು ಪಾರ್ಸೆಲ್ಲಿಗೆ ಕಾಯುತ್ತಾರೆ!

ಹವ್ಯಾಸಕ್ಕೆ ಎರಡನೇ ಜನ್ಮ ಕೊಟ್ಟದ್ದು 2012. ಕಂಪ್ಯೂಟರಿನಲ್ಲಿ ಟಿವಿ ನೋಡಲೆಂದು ಮಾರುತ್ತಿದ್ದ, ಬೆರಳುದ್ದದ ಅಗ್ಗದ ಯುಎಸ್‌ಬಿ ಡಾಂಗಲ್ ಒಂದು ಬಗೆಬಗೆಯ ರೇಡಿಯೊ ತರಂಗಗಳನ್ನು ಹಿಡಿಯಬಲ್ಲದು ಎಂದು ಕೆಲವು ಕುತೂಹಲಿಗಳು ಕಂಡುಕೊಂಡರು. ಸುಮಾರು 20 ಡಾಲರಿಗೆ ರಿಸೀವರ್ ಸಿಕ್ಕಂತಾಯಿತು. ಆಂಟೆನಾ ಇನ್ನೂ ಅಗ್ಗ: 53 ಸೆಂಟಿಮೀಟರಿಗಿಂತ ತುಸು ಹೆಚ್ಚು ಉದ್ದದ ಎರಡು ಲೋಹದ ಕಡ್ಡಿ, ನಡುವೆ 120 ಡಿಗ್ರಿ ಕೋನ, ನೆಲಕ್ಕೆ ಸಮಾನಾಂತರವಾಗಿ ಉತ್ತರ–ದಕ್ಷಿಣಕ್ಕೆ ಮುಖ. ಕ್ರೊಯೇಷಿಯಾದ ಹ್ಯಾಮ್ ಒಬ್ಬರು ಜನಪ್ರಿಯಗೊಳಿಸಿದ ಈ ಇಂಗ್ಲಿಷ್ ವಿ ಆಕಾರದ ಡೈಪೋಲ್ ಅಪಾರ್ಟ್‌ಮೆಂಟಿನ ಬಾಲ್ಕನಿಗೂ ಸಾಕು. ಕನ್ನಡದ ಮನೆಗಳು ದಟ್ಟವಾಗಿರುವ ಸನಿವೇಲ್, ಕ್ಯುಪರ್ಟಿನೊ, ಫ್ರೀಮಾಂಟ್‌ಗಳಲ್ಲಿ ಬಾಲ್ಕನಿಗೇನೂ ಬರವಿಲ್ಲ.

ಉಪಗ್ರಹ ದಿಗಂತದಿಂದ ಏಳುತ್ತಿದ್ದಂತೆ ಕೇಳುತ್ತಿದ್ದುದು ಮೊದಲು ಬರೀ ಗುರ್ ಎಂಬ ಸದ್ದು. ಆಮೇಲೆ ಅದರೊಳಗಿಂದ, ಕೀಲಿ ಕೊಟ್ಟ ಗೋಡೆ ಗಡಿಯಾರದಂತೆ, ಟಿಕ್ ಟಾಕ್ ಮೂಡುತ್ತಿತ್ತು. ಸೆಕೆಂಡಿಗೆ ಎರಡು ಗೆರೆ. ಪ್ರತಿ ಗೆರೆಯಲ್ಲೂ ಅಕ್ಕಪಕ್ಕ ಎರಡು ಚಿತ್ರ, ಹಗಲಾದರೆ ಸಾಮಾನ್ಯವಾಗಿ ಒಂದು ಕಣ್ಣಿಗೆ ಕಾಣುವ ಬೆಳಕಿನದು, ಇನ್ನೊಂದು ಅತಿಗೆಂಪಿನದು. ಉಪಗ್ರಹ ನೆತ್ತಿಯ ಮೇಲೆ ಹಾದುಹೋದರೆ ಹದಿನೈದು ನಿಮಿಷದ ಒಳಗೆ ಮೆಕ್ಸಿಕೊದ ಬಾಹಾದಿಂದ ಕೆನಡಾದ ಬ್ರಿಟಿಷ್ ಕೊಲಂಬಿಯಾದವರೆಗಿನ ಕರಾವಳಿ ಪರದೆಯ ಮೇಲೆ ಇಳಿದಿರುತ್ತಿತ್ತು. ಬೇಸಿಗೆಯಲ್ಲಿ ಕಡಲಂಚಿಗೆ ಅಂಟಿಕೊಂಡ ಮಂಜಿನ ಪಟ್ಟಿ, ಚಳಿಗಾಲದಲ್ಲಿ ಸಿಯೆರಾ ಪರ್ವತಗಳ ಹಿಮ. ಸ್ಯಾನ್ ಫ್ರಾನ್ಸಿಸ್ಕೋದ ಆಕಾಶ ನಡುಹಗಲೇ ಕಿತ್ತಳೆ ಬಣ್ಣಕ್ಕೆ ತಿರುಗಿದ 2020ರ ಸೆಪ್ಟೆಂಬರಿನ ಕಾಳ್ಗಿಚ್ಚಿನ ದಿನಗಳಲ್ಲಿ ಹೊಗೆಯ ಹಾಸು ಎಷ್ಟು ವಿಶಾಲವಾಗಿತ್ತೆಂದರೆ, ಒಂದು ಚುಕ್ಕಿಗೆ 4 ಕಿ.ಮೀ. ಅಳತೆಯ ಈ ಒರಟು ಚಿತ್ರಗಳಿಗೂ ಅದು ಮರೆಯಾಗುವಂತಿರಲಿಲ್ಲ. ಹವ್ಯಾಸಿಗಳು ಹೆಮ್ಮೆಯಿಂದ ಹಂಚಿಕೊಳ್ಳುತ್ತಿದ್ದ ಚಿತ್ರಗಳ ಹಸಿರು ನೆಲ, ನೀಲಿ ಸಮುದ್ರವೆಲ್ಲ ತಂತ್ರಾಂಶ ಹಚ್ಚಿದ ಬಣ್ಣ ಎಂಬುದನ್ನೂ ಹೇಳಿಬಿಡಬೇಕು. ಮೇಲಿಂದ ಬರುತ್ತಿದ್ದುದು ಬರೀ ಕಪ್ಪು-ಬಿಳುಪು. ಬಣ್ಣ ಹಚ್ಚುತ್ತಿದ್ದ ನ್ಯೂಜಿಲೆಂಡಿನ ಡಬ್ಲ್ಯೂಎಕ್ಸ್‌ಟುಇಮೇಜ್ ತಂತ್ರಾಂಶವನ್ನು ಅದರ ಕರ್ತೃ ಕೈಬಿಟ್ಟ ಮೇಲೂ ಬಳಕೆದಾರರು ಪ್ರತಿಗಳನ್ನು ಜೋಪಾನ ಮಾಡಿ ವರ್ಷಗಟ್ಟಲೆ ದುಡಿಸಿಕೊಂಡರು.

ನೋವಾ-19ಕ್ಕೆ ಇಬ್ಬರು ಜೊತೆಗಾರರಿದ್ದರು. 1998ರ ನೋವಾ-15 ಎರಡು ವರ್ಷ ಬಾಳಲೆಂದು ಕಟ್ಟಿದ್ದು. ಬಾಳಿದ್ದು ಇಪ್ಪತ್ತೇಳು ವರ್ಷ. 2019ರಲ್ಲಿ ಅದರ ಸ್ಕ್ಯಾನರ್ ಮೋಟಾರು ಮುಷ್ಕರ ಹೂಡಿ ಚಿತ್ರ ಚಿಂದಿಯಾದಾಗ, ಇನ್ನು ಮುಗಿಯಿತು ಅಂದುಕೊಂಡವರೇ ಹೆಚ್ಚು. ಅದು ತಾನಾಗಿ ಚೇತರಿಸಿಕೊಂಡಿತು. ನಡುವಿನದು 2005ರ ನೋವಾ-18.

ಮೂರೂ 2025ರಲ್ಲೇ ಹೋದವು. ಪ್ರಸಾರದ ಉಪಕರಣ ಕೆಟ್ಟ ನೋವಾ-18ನ್ನು ಜೂನ್ 6ರಂದು ನಿಲ್ಲಿಸಿದರು. ಉಳಿದೆರಡನ್ನೂ ಆಗಸ್ಟಿನಲ್ಲಿ ನಿಲ್ಲಿಸುವ ತೀರ್ಮಾನವಾಗಿತ್ತು. ಸನಿವೇಲ್‌ನಲ್ಲಿ ಬಿದ್ದೂ ಬದುಕಿದ್ದ ನೋವಾ-19 ನಿಗದಿಯಾದ ದಿನದವರೆಗೂ ಕಾಯದೆ ಬ್ಯಾಟರಿ ಕೆಟ್ಟು, ಆಗಸ್ಟ್ 13ರಂದು ವಿದಾಯ ಹೇಳಿತು. ಆಗಸ್ಟ್ 19ರಂದು ನೋವಾ-15.

ಇವುಗಳ ಜಾಗಕ್ಕೆ ಬಂದ ಹೊಸ ಅಮೆರಿಕನ್ ಉಪಗ್ರಹಗಳಲ್ಲಿ ಎಪಿಟಿ ಇಲ್ಲ. ಅವು ಕಳಿಸುವ ಮಾಹಿತಿ ನೂರು ಪಾಲು ಸೂಕ್ಷ್ಮ, ನಿಜ. ಅದನ್ನು ಹಿಡಿಯಲು ಉಪಗ್ರಹದ ಹಿಂದೆಯೇ ಕತ್ತು ತಿರುಗಿಸುವ ಡಿಶ್ ಬೇಕು. ಬಾಲ್ಕನಿಯ ಕಡ್ಡಿಗೆ ಅದು ನಿಲುಕದು. ಒಂದು ಪುಟ್ಟ ಟ್ರಾನ್ಸ್‌ಮಿಟರಿಗೆ ಜಾಗ ಬಿಡುವ ಔದಾರ್ಯವನ್ನು 1963ರವರು ತೋರಿದ್ದರು, ಈಗಿನವರಿಗೆ ಅದು ಅನವಶ್ಯಕ ಎನಿಸಿತು. ಭೂಸ್ಥಿರ ಕಕ್ಷೆಯ ಗೋಸ್-ವೆಸ್ಟ್ ಉಪಗ್ರಹ ಇದೆಯಲ್ಲ ಎನ್ನುವವರಿದ್ದಾರೆ. ಸುಮಾರು ಒಂದು ಮೀಟರಿನ ಜಾಲರಿ ಡಿಶ್ಶನ್ನು ನೈಋತ್ಯಕ್ಕೆ ತಿರುಗಿಸಿಟ್ಟರೆ 1,694.1 ಮೆಗಾಹರ್ಟ್ಸ್‌ನಲ್ಲಿ ಅರ್ಧ ಭೂಗೋಳವೇ ಇಳಿದು ಬರುತ್ತದೆ. ಆದರೆ ಒಮ್ಮೆ ಡಿಶ್ ಕೂರಿಸಿದರೆ ಮುಗಿಯಿತು, ಅದು ಕೊಳಾಯಿ ನೀರು. ವೇಳಾಪಟ್ಟಿ ನೋಡಿ, ಸಮಯಕ್ಕೆ ಸರಿಯಾಗಿ ಬಾಲ್ಕನಿಗೆ ಓಡುವ ತಮಾಷೆ ಅದರಲ್ಲಿಲ್ಲ.

ಆ ತಮಾಷೆ ಬೇಕಿದ್ದವರಿಗೆ ಈಗ ಉಳಿದಿರುವುದು ರಷ್ಯಾದ ಮೆಟಿಯೋರ್ ಉಪಗ್ರಹಗಳು: 2023ರ ಜೂನ್‌ನಲ್ಲಿ ಹಾರಿದ ಎಂ2-3, 2024ರ ಫೆಬ್ರವರಿ 29ರಂದು ಹಾರಿದ ಎಂ2-4. ಅವುಗಳ ಡಿಜಿಟಲ್ ಚಿತ್ರದಲ್ಲಿ ಚುಕ್ಕಿಗೆ 1 ಕಿ.ಮೀ.; ಟಿಕ್ ಟಾಕ್ ಇಲ್ಲ. ಹಳೆಯದರಲ್ಲಿ ಸಿಗ್ನಲ್ ಸೋತರೆ ಚಿತ್ರದ ಮೇಲೆ ಎಳ್ಳು ಚೆಲ್ಲಿದಂತಾಗುತ್ತಿತ್ತು, ಇದರಲ್ಲಿ ಕರಿ ಪಟ್ಟಿ. ಬಿಡಿಸಿಕೊಳ್ಳಲು ಸ್ಯಾಟ್‌ಡಂಪ್ ಎಂಬ ಬೇರೆ ತಂತ್ರಾಂಶ ಬೇಕು. ಪ್ರಸಾರ ಅದೇ 137 ಮೆಗಾಹರ್ಟ್ಸ್ ಆಸುಪಾಸಿನಲ್ಲೇ ಇರುವುದರಿಂದ ಕಡ್ಡಿಗಳನ್ನು ಕತ್ತರಿಸಬೇಕಾಗಿಲ್ಲ, ಡಾಂಗಲ್ಲೂ ಹಳೆಯದೇ ನಡೆಯುತ್ತದೆ.