ಕ್ಲಚ್ಚಿನ ಕೆಳಗೊಬ್ಬ ಕಾವಲುಗಾರ

ಮೋಟಾರ್ ಸೈಕಲ್ ಇರುವ ಮನೆಗಳಲ್ಲಿ ಒಂದಲ್ಲ ಒಂದು ದಿನ ಈ ಪ್ರಸಂಗ ಬಂದೇ ಬರುತ್ತದೆ. ಬೀಗದ ಕೈ ತಿರುಗಿಸಿದ್ದಾಯಿತು, ದೀಪ ಹತ್ತಿತು, ಹಾರ್ನ್ ಕೂಡ ಗಟ್ಟಿಯಾಗಿಯೇ ಕೂಗುತ್ತದೆ. ಆದರೆ ಎಡಗೈಯಲ್ಲಿ ಕ್ಲಚ್ ಹಿಡಿದು, ಬಲಗೈ ಹೆಬ್ಬೆರಳಿನಿಂದ ಸ್ಟಾರ್ಟ್ ಗುಂಡಿಯನ್ನು ಎಷ್ಟು ಒತ್ತಿದರೂ ಎಂಜಿನ್ ಮಾತ್ರ ತುಟಿಪಿಟಕ್ಕೆನ್ನುವುದಿಲ್ಲ. ಆಗ ಯಾರಾದರೊಬ್ಬರು ಹೇಳಿಯೇ ಹೇಳುತ್ತಾರೆ: “ಕ್ಲಚ್ಚಿನ ಕೆಳಗಿನ ಸ್ವಿಚ್ಚು ಕೆಟ್ಟಿದೆ ಸ್ವಾಮಿ. ಎರಡು ತಂತಿಯನ್ನೂ ಕತ್ತರಿಸಿ ಸೇರಿಸಿಬಿಡಿ, ಪೀಡೆ ಕಳೆಯಿತು.” ಸಲಹೆ ಸುಲಭವಾದದ್ದು, ಗಾಡಿಯೂ ಹೊರಡುತ್ತದೆ. ಆದರೆ ಆ ಸ್ವಿಚ್ಚನ್ನು ಅಲ್ಲಿ ಯಾತಕ್ಕಾಗಿ ಕೂರಿಸಿದ್ದಾರೆಂಬುದನ್ನು ತಿಳಿದುಕೊಂಡು ಆಮೇಲೆ ಕತ್ತರಿಗೆ ಕೈ ಹಾಕುವುದು ಮೇಲು.

ಕ್ಲಚ್ಚು ಎಂಬುದು ಎಂಜಿನ್ನಿಗೂ ಗೇರಿನ ಪೆಟ್ಟಿಗೆಗೂ ನಡುವಣ ಕೊಂಡಿ. ಒಂದರ ಮೇಲೊಂದು ಒತ್ತಿಕೊಂಡಿರುವ ಹಲವು ಬಿಲ್ಲೆಗಳು ಎಂಜಿನ್ನಿನ ತಿರುಗುವಿಕೆಯನ್ನು ಹಿಂದಿನ ಚಕ್ರದ ಕಡೆಗೆ ಸಾಗಿಸುತ್ತವೆ. ನೀವು ಲಿವರನ್ನು ಹಿಡಿದಾಗ ಬಿಲ್ಲೆಗಳ ಮೇಲಿನ ಒತ್ತಡ ಸಡಿಲಿ ಕೊಂಡಿ ಕಳಚುತ್ತದೆ. ಗಾಡಿ ಗೇರಿನಲ್ಲಿದ್ದು, ಕ್ಲಚ್ ಹಿಡಿಯದೆ ಸ್ಟಾರ್ಟ್ ಗುಂಡಿ ಒತ್ತಿದರೆ ಏನಾದೀತು? ಸ್ಟಾರ್ಟರ್ ಮೋಟಾರು ಎಂಜಿನ್ನನ್ನು ಮಾತ್ರವಲ್ಲ, ಇಡೀ ಗಾಡಿಯನ್ನೇ ಮುಂದಕ್ಕೆ ತಳ್ಳುತ್ತದೆ. ಗಾಡಿ ಒಮ್ಮೆಲೇ ನೆಗೆಯುತ್ತದೆ. ಎಂಜಿನ್ನಿಗೂ ಪ್ರಾಣ ಬಂದಿತೆಂದರೆ ಆ ನೆಗೆತ ಅಲ್ಲಿಗೇ ನಿಲ್ಲುವುದೂ ಇಲ್ಲ.

ಹಿಂದಿನ ಗಾಡಿಗಳಿಗೆ ಈ ಸ್ವಿಚ್ಚು ಇರಲಿಲ್ಲವಲ್ಲ ಎಂದು ನೀವು ಕೇಳಬಹುದು. ನಿಜ. 1996ರವರೆಗೆ ಮೈಸೂರಿನ ಕಾರ್ಖಾನೆಯಲ್ಲಿ ತಯಾರಾಗುತ್ತಿದ್ದ ಜಾವಾ, ಯೆಜ್ಡಿ ಗಾಡಿಗಳನ್ನು ನೆನೆಸಿಕೊಳ್ಳಿ. ಅವುಗಳಲ್ಲಿ ಕಾಲಿನಿಂದ ಒದೆಯುವ ಕಡ್ಡಿಯೇ ಮಡಚಿದಾಗ ಗೇರಿನ ಕಡ್ಡಿಯೂ ಆಗುತ್ತಿತ್ತು. ವಿದ್ಯುತ್ತಿನಿಂದ ಎಂಜಿನ್ ಎಬ್ಬಿಸುವ ಏರ್ಪಾಡು 1914ರಷ್ಟು ಹಿಂದೆಯೇ ಅಮೆರಿಕದ ಇಂಡಿಯನ್ ಕಂಪನಿಯ ಹೆಂಡೀ ಸ್ಪೆಷಲ್ ಗಾಡಿಯಲ್ಲಿ ಬಂದಿತ್ತಾದರೂ, ಅಂದಿನ ಬ್ಯಾಟರಿಗಳು ಆ ಭಾರ ತಾಳದೆ ಪ್ರಯತ್ನ ಕೈಗೂಡಲಿಲ್ಲ. ಹಾರ್ಲೆ ಡೇವಿಡ್‌ಸನ್ನಿನ ದೊಡ್ಡ ಗಾಡಿಗೆ ಸ್ಟಾರ್ಟ್ ಗುಂಡಿ ಬಂದದ್ದು 1965ರಲ್ಲಿ. ಕಾಲಿನ ಒದೆತಕ್ಕೂ ಬೆರಳಿನ ಒತ್ತಿಗೂ ಒಂದು ದೊಡ್ಡ ವ್ಯತ್ಯಾಸವುಂಟು. ಒದೆಯಬೇಕಾದರೆ ಬೆಳೆದ ಮನುಷ್ಯನ ಬಲ ಬೇಕು, ಮನಸ್ಸೂ ಅಲ್ಲಿರಬೇಕು. ಗುಂಡಿಯನ್ನಾದರೋ ಮೂರು ವರ್ಷದ ಮಗುವಿನ ಬೆರಳೂ ಒತ್ತಬಲ್ಲದು. ಗಾಡಿಗೆ ಕಾವಲು ಬೇಕಾದದ್ದು ಈ ಕಾರಣದಿಂದ.

ಈಗ ಆ ಕಾವಲಿನ ಕ್ರಮವನ್ನು ನೋಡೋಣ. ಸ್ಟಾರ್ಟರ್ ಮೋಟಾರಿಗೆ ಬೇಕಾದ ವಿದ್ಯುತ್ತು ಬಹಳ ದೊಡ್ಡದು, ಹತ್ತಾರು ಆಂಪಿಯರ್. ಅಷ್ಟನ್ನು ಹ್ಯಾಂಡಲಿನ ಸಣ್ಣ ಗುಂಡಿ ತಾಳಲಾರದು. ಆದ್ದರಿಂದ ಬ್ಯಾಟರಿಗೂ ಮೋಟಾರಿಗೂ ನಡುವೆ ರಿಲೇ ಎಂಬ ಬಾಗಿಲನ್ನಿಟ್ಟಿದ್ದಾರೆ. ನಮ್ಮ ಗುಂಡಿ ಕಳಿಸುವುದು ಈ ಬಾಗಿಲನ್ನು ತೆರೆಯುವಷ್ಟು ಸಣ್ಣ ವಿದ್ಯುತ್ತನ್ನು ಮಾತ್ರ. ಆ ಸಣ್ಣ ವಿದ್ಯುತ್ತಿನ ದಾರಿಯಲ್ಲಿ ಕಾವಲುಗಾರರು ನಿಂತಿದ್ದಾರೆ. ಎಂಜಿನ್ ನಿಲ್ಲಿಸುವ ಕೆಂಪು ಸ್ವಿಚ್ಚು ಒಂದು, ನ್ಯೂಟ್ರಲ್ ಸ್ವಿಚ್ಚು ಇನ್ನೊಂದು, ಕ್ಲಚ್ ಸ್ವಿಚ್ಚು ಮತ್ತೊಂದು. ಹಲವು ಗಾಡಿಗಳಲ್ಲಿ ಸೈಡ್ ಸ್ಟ್ಯಾಂಡಿನದೂ ಉಂಟು. ಸಾಮಾನ್ಯವಾದ ಏರ್ಪಾಡು ಹೀಗೆ: ಗೇರು ನ್ಯೂಟ್ರಲಿನಲ್ಲಿದ್ದರೆ ದಾರಿ ತೆರೆಯುತ್ತದೆ, ಇಲ್ಲವಾದರೆ ಕ್ಲಚ್ ಹಿಡಿದಿರಬೇಕು, ಸ್ಟ್ಯಾಂಡು ಇದ್ದರೆ ಮೇಲಕ್ಕೆತ್ತಿರಬೇಕು. ಕೆಲವು ಗಾಡಿಗಳಲ್ಲಿ ನ್ಯೂಟ್ರಲ್ ಇದ್ದರೂ ಕ್ಲಚ್ ಹಿಡಿಯಲೇಬೇಕು. ನಿಮ್ಮದು ಯಾವ ಬಗೆಯದೆಂಬುದನ್ನು ಗಾಡಿಯೊಡನೆ ಬಂದ ಪುಸ್ತಕದಲ್ಲಿ ನೋಡಿಕೊಳ್ಳಿ.

ಗಾಡಿ ಏಳದಿದ್ದಾಗ ಎಲ್ಲಕ್ಕೂ ಮೊದಲು ಕೆಂಪು ಸ್ವಿಚ್ಚನ್ನು ನೋಡಬೇಕು. ಮಕ್ಕಳು ಆಟಕ್ಕೆ ಅದನ್ನು ತಿರುಗಿಸಿಟ್ಟು ಹೋಗಿರುವುದುಂಟು. ಆಮೇಲೆ ಗುಂಡಿ ಒತ್ತಿ ಕಿವಿಗೊಟ್ಟು ಕೇಳಿ. ‘ಟಕ್’ ಎಂಬ ಸದ್ದು ಬಂದು ಮೋಟಾರು ತಿರುಗದಿದ್ದರೆ ರಿಲೇಯವರೆಗೆ ಅಪ್ಪಣೆ ಮುಟ್ಟಿದೆಯೆಂದರ್ಥ. ದೋಷ ಬ್ಯಾಟರಿಯಲ್ಲೋ ರಿಲೇಯಲ್ಲೋ ಮೋಟಾರಿನಲ್ಲೋ ಇರಬೇಕೇ ಹೊರತು ಕ್ಲಚ್ ಸ್ವಿಚ್ಚಿನ ಮೇಲೆ ಅಪವಾದ ಹೊರಿಸಬೇಡಿ. ಯಾವ ಸದ್ದೂ ಇಲ್ಲವೆಂದಾದರೆ ಕಾವಲುಗಾರರನ್ನು ಒಬ್ಬೊಬ್ಬರನ್ನಾಗಿ ವಿಚಾರಿಸಬೇಕು. ಹೆಚ್ಚಿನ ಗಾಡಿಗಳಿಗೆ ಈ ಪರೀಕ್ಷೆ ಸಾಕು: ನ್ಯೂಟ್ರಲಿನಲ್ಲಿ ಕ್ಲಚ್ ಹಿಡಿಯದೆ ಗಾಡಿ ಎದ್ದು, ಗೇರಿನಲ್ಲಿ ಸ್ಟ್ಯಾಂಡ್ ಎತ್ತಿ ಕ್ಲಚ್ ಹಿಡಿದಾಗ ಏಳದಿದ್ದರೆ, ಕ್ಲಚ್ ಸ್ವಿಚ್ಚಿನ ಮೇಲೆ ಸಂಶಯಪಡಬಹುದು. ಹಸಿರು ದೀಪ ಹತ್ತದೆ, ನ್ಯೂಟ್ರಲಿನಲ್ಲಿಯೂ ಕ್ಲಚ್ ಹಿಡಿದರೆ ಮಾತ್ರ ಎದ್ದರೆ, ತಪ್ಪು ನ್ಯೂಟ್ರಲ್ ಸ್ವಿಚ್ಚಿನದು. ಹ್ಯಾಂಡಲನ್ನು ಒಂದು ಪಕ್ಕಕ್ಕೆ ತಿರುಗಿಸಿದಾಗ ಎದ್ದು ಇನ್ನೊಂದು ಪಕ್ಕಕ್ಕೆ ಏಳದಿದ್ದರೆ, ಬಾಗಿ ಬಾಗಿ ಸವೆದ ತಂತಿ ಹೊದಿಕೆಯೊಳಗೇ ತುಂಡಾಗಿರುವ ಸಂಭವ ಹೆಚ್ಚು.

ಕ್ಲಚ್ ಸ್ವಿಚ್ಚು ಇರುವುದು ಎಡ ಲಿವರಿನ ಬುಡದಲ್ಲಿ, ಸಾಮಾನ್ಯವಾಗಿ ಕೆಳಭಾಗದಲ್ಲಿ. ಒಂದು ಚಿಕ್ಕ ಪ್ಲಾಸ್ಟಿಕ್ ಡಬ್ಬಿ, ಒಳಗೆ ಸ್ಪ್ರಿಂಗು, ಹೊರಗೆ ಚಾಚಿದ ಒಂದು ಮೊಳೆ, ಎರಡು ತಂತಿ. ಇಷ್ಟೇ ಅದರ ಸಂಸಾರ. ಬಲಗಡೆ ಬ್ರೇಕ್ ಲಿವರಿನ ಕೆಳಗೆ ಇದರ ಅಣ್ಣತಮ್ಮನಂಥದೇ ಇನ್ನೊಂದಿರುತ್ತದೆ. ಅದು ಹಿಂದಿನ ಕೆಂಪು ದೀಪಕ್ಕೆ ಸೇರಿದ್ದು, ಅದರ ತಂಟೆಗೆ ಹೋಗಬೇಡಿ. ಬೀಗದ ಕೈ ತೆಗೆದು, ಎರಡು ತಂತಿಗಳನ್ನು ಮೃದುವಾಗಿ ಹೊರಕ್ಕೆಳೆದು, ಮಲ್ಟಿಮೀಟರಿನ ಎರಡು ಕಡ್ಡಿಗಳನ್ನು ಸ್ವಿಚ್ಚಿಗೆ ಮುಟ್ಟಿಸಿ. ಬಹುತೇಕ ಗಾಡಿಗಳಲ್ಲಿ ಲಿವರ್ ಹಿಡಿದಾಗ ಮೀಟರು ಸೊನ್ನೆ ಓಮ್‌ಗೆ ಹತ್ತಿರ ಬರಬೇಕು. ಬಿಟ್ಟಾಗ ಸಂಪರ್ಕವೇ ಇರಬಾರದು. ಕೆಲವು ಗಾಡಿಗಳಲ್ಲಿ ಇದು ತಿರುವುಮುರುವಾಗಿರುತ್ತದೆ. ಎರಡು ಸ್ಥಿತಿಯಲ್ಲಿಯೂ ಮೀಟರು ಒಂದೇ ಮಾತು ಹೇಳಿದರೆ ಸ್ವಿಚ್ಚು ಕೆಟ್ಟಿದೆ.

ಕೆಟ್ಟದ್ದೆಲ್ಲ ಸತ್ತದ್ದಲ್ಲ. ಹಳೆಯ ರೇಡಿಯೋದ ಗುಂಡಿ ತಿರುಗಿಸಿದಾಗ ಕರಕರ ಎನ್ನುತ್ತಿದ್ದುದು ನೆನಪಿದೆಯೇ? ಒಳಗಿನ ಸಂಪರ್ಕದ ಮೇಲೆ ಧೂಳು ಕುಳಿತಿರುತ್ತಿತ್ತು, ಅಷ್ಟೆ. ಇಲ್ಲಿಯೂ ಹಾಗೆಯೇ. ಮಳೆಗಾಲದ ನೀರು, ಕೆಸರು, ಗಾಡಿ ತೊಳೆಯುವಾಗ ರಭಸದಿಂದ ಬಡಿಯುವ ನೀರು ಇವೆಲ್ಲ ಒಳಕ್ಕೆ ನುಸುಳಿ ತಾಮ್ರಕ್ಕೆ ಕಿಲುಬು ಹಿಡಿಸುತ್ತವೆ, ಮೊಳೆ ಅಂಟಿಕೊಳ್ಳುತ್ತದೆ. ತಿರುಪು ಬಿಚ್ಚಿ ಸ್ವಿಚ್ಚನ್ನು ಹೊರತೆಗೆದು, ವಿದ್ಯುತ್ ಸಂಪರ್ಕಗಳನ್ನು ತೊಳೆಯಲೆಂದೇ ಮಾರುವ ದ್ರವವನ್ನು ಸಿಂಪಡಿಸಿ, ಮೊಳೆಯನ್ನು ಹತ್ತಿಪ್ಪತ್ತು ಸಲ ಒತ್ತಿ ಬಿಟ್ಟು ಒಣಗಿಸಿರಿ. ತಂತಿಯ ತುದಿಗಳನ್ನೂ ಉಜ್ಜಿ ಶುಚಿಮಾಡಿ. ಸ್ವಿಚ್ಚಿನ ಒಳಗೆ ಗ್ರೀಸು ತುಂಬಬೇಡಿ, ಧೂಳನ್ನು ಕೈಬೀಸಿ ಕರೆದಂತಾದೀತು. ಸ್ವಿಚ್ಚು ಸರಿಯಿದ್ದೂ ಲಿವರು ಬಾಗಿದ್ದರೆ, ಅದರ ಬೋಲ್ಟು ಸವೆದಿದ್ದರೆ, ಅಥವಾ ಅಳತೆಗೆ ಸರಿಯಿಲ್ಲದ ಬದಲಿ ಲಿವರು ಹಾಕಿಸಿದ್ದರೆ ಮೊಳೆ ಸರಿಯಾಗಿ ಒತ್ತುವುದಿಲ್ಲ. ಇಷ್ಟೆಲ್ಲ ನೋಡಿಯೂ ಮೀಟರು ಒಪ್ಪದಿದ್ದರೆ ಹೊಸದನ್ನೇ ಹಾಕಿಸಿ; ಗಾಡಿಯ ಬಿಡಿಭಾಗಗಳಲ್ಲಿ ಇದು ಅಗ್ಗದ ಪೈಕಿ.

ಇನ್ನು ತಂತಿ ಸೇರಿಸುವ ಮಾತು. ದೂರದ ರಸ್ತೆಯಲ್ಲಿ, ಹೊತ್ತು ಮುಳುಗಿದಾಗ, ಮನೆ ಸೇರಲು ಅದು ಬೇಕಾದೀತೇ? ಮೊದಲು ನ್ಯೂಟ್ರಲಿನಲ್ಲಿ ಪ್ರಯತ್ನಿಸಿ. ಹಲವು ಗಾಡಿಗಳು ಅಷ್ಟರಲ್ಲೇ ಏಳುತ್ತವೆ. ಕಿಕ್ ಕಡ್ಡಿಯಿದ್ದರೆ ಒದೆದು ನೋಡಿ. ಇಲ್ಲವೇ ಎರಡನೆಯ ಗೇರಿನಲ್ಲಿ ಕ್ಲಚ್ ಹಿಡಿದು, ತಳ್ಳಿಸಿಕೊಂಡು, ವೇಗ ಬಂದಾಗ ಬಿಟ್ಟರೆ ಸಾಕು. ಆ ದಾರಿಗೆ ಸ್ಟಾರ್ಟರ್ ಮೋಟಾರಿನ ಹಂಗಿಲ್ಲ. ಇದಾವುದೂ ಆಗದಿದ್ದರೆ ಮಾತ್ರ, ಲಿವರ್ ಹಿಡಿದಾಗ ಕೂಡುವ ಬಗೆಯ ಸ್ವಿಚ್ಚಾದರೆ, ಕತ್ತರಿಸದೆ, ಬಿಚ್ಚಿದ ಎರಡು ತುದಿಗಳ ನಡುವೆ ತುಂಡು ತಂತಿಯನ್ನಿಟ್ಟು ಟೇಪು ಸುತ್ತಿ. ಮೊದಲೇ ಹಸಿರು ದೀಪ ನೋಡಿ ನ್ಯೂಟ್ರಲ್ ಖಚಿತಮಾಡಿಕೊಳ್ಳಿ. ನ್ಯೂಟ್ರಲ್ ಇದ್ದರೂ ಕ್ಲಚ್ ಹಿಡಿದೇ ಗುಂಡಿ ಒತ್ತಿ.

ಮನೆ ಸೇರಿದ ಮೇಲೆ ಆ ತಂತಿ ಒಂದು ರಾತ್ರಿಗಿಂತ ಹೆಚ್ಚು ಇರಬಾರದು. ಏಕೆಂದರೆ ನಿಮಗೆ ಗೊತ್ತು, ಮಿಕ್ಕವರಿಗೆ ಗೊತ್ತಿಲ್ಲ. ಗಾಡಿಯನ್ನು ಇಳಿಜಾರಿನಲ್ಲಿ ಗೇರಿನಲ್ಲಿಯೇ ನಿಲ್ಲಿಸುವವರುಂಟು. ತಮ್ಮನೋ ಮಗನೋ ಬೀಗದ ಕೈ ತೆಗೆದುಕೊಂಡು, ಮುಂದೆ ಮಗುವನ್ನು ಕೂರಿಸಿ, ತಾನಿನ್ನೂ ಹತ್ತುವ ಮೊದಲೇ ಗುಂಡಿ ಒತ್ತಬಹುದು. ಗೇಟಿನ ಬಳಿ ರಂಗೋಲಿ ಹಾಕುತ್ತ ಯಾರಾದರೂ ಬಗ್ಗಿ ಕುಳಿತಿರಬಹುದು. ಪೆಟ್ರೋಲನ್ನು ಸೂಕ್ಷ್ಮ ಯಂತ್ರದ ಲೆಕ್ಕದಲ್ಲಿ ಚಿಮ್ಮಿಸುವ ಈಚಿನ ಗಾಡಿಗಳಲ್ಲಿ ಕ್ಲಚ್ ಸ್ವಿಚ್ಚಿನ ಸುದ್ದಿಯನ್ನು ಆ ಯಂತ್ರವೂ ಕೇಳುವುದುಂಟಾದ್ದರಿಂದ ಬೇರೆ ತೊಡಕುಗಳೂ ಹುಟ್ಟಬಹುದು. ತಂತಿ ಕತ್ತರಿಸಿದ್ದು ಕಂಡರೆ ಕಂಪನಿಯವರು ಗ್ಯಾರಂಟಿಯ ಮಾತಿಗೆ ತಕರಾರು ತೆಗೆದಾರು.

ಆದ್ದರಿಂದ ತಂತಿ ಸೇರಿಸಿದ್ದರೆ ಆ ರಾತ್ರಿಯೇ ಮನೆಯವರೆಲ್ಲರಿಗೂ ತಿಳಿಸಿ. ಹ್ಯಾಂಡಲಿಗೆ ಒಂದು ಬಟ್ಟೆಯ ತುಂಡನ್ನು ಗುರುತಾಗಿ ಕಟ್ಟಿ. ಬೀಗದ ಕೈಯನ್ನು ಮೊಳೆಗೆ ತೂಗುಹಾಕದೆ ನಿಮ್ಮಲ್ಲಿಯೇ ಇಟ್ಟುಕೊಳ್ಳಿ. ಮರುದಿನ ಅಂಗಡಿ ಬಾಗಿಲು ತೆರೆಯುತ್ತಲೇ ಹೊಸ ಸ್ವಿಚ್ಚು ಹಾಕಿಸಿ, ಗಾಡಿಯನ್ನು ನಡು ಸ್ಟ್ಯಾಂಡಿನ ಮೇಲೆ, ಹಿಂದಿನ ಚಕ್ರ ನೆಲ ಮುಟ್ಟದಂತೆ ನಿಲ್ಲಿಸಿ, ಎದುರಿಗೆ ಯಾರೂ ಇಲ್ಲವೆಂದು ನೋಡಿಕೊಂಡು, ಗೇರಿನಲ್ಲಿ ಕ್ಲಚ್ ಹಿಡಿಯದೆ ಒಮ್ಮೆ ಗುಂಡಿ ಒತ್ತಿ ನೋಡಿ. ಎಂಜಿನ್ ಏಳದೆ ಸುಮ್ಮನಿದ್ದರೆ ಕಾವಲುಗಾರ ತನ್ನ ಕೆಲಸಕ್ಕೆ ಮರಳಿದ್ದಾನೆ.