ಯಂತ್ರದ ಸದ್ದು, ಬೆಳೆಗಾರರ ಕಿವಿ

ಕತ್ತಿ, ಗುದ್ದಲಿ, ಕೈಪಂಪುಗಳಲ್ಲೇ ತೋಟದ ಕೆಲಸ ಮುಗಿಯುತ್ತಿದ್ದ ಕಾಲದಲ್ಲಿ ಕಿವಿಯ ವಿಚಾರ ಯಾರೂ ಎತ್ತುತ್ತಿರಲಿಲ್ಲ. ಈಗ ಆಳುಗಳ ಅಭಾವದಿಂದಾಗಿ ಎರಡೆಕರೆಯ ಬೆಳೆಗಾರರ ಮನೆಯಲ್ಲೂ ಕಳೆ ಹೊಡೆಯುವ ಯಂತ್ರವಿದೆ. ಅನೇಕರಲ್ಲಿ ಮರ ಕುಯ್ಯುವ ಚೈನ್ ಸಾ, ಪಲ್ಪರ್, ಪವರ್ ಸ್ಪ್ರೇಯರ್, ಅಡಿಕೆ ಸುಲಿಯುವ ಯಂತ್ರಗಳೂ ಇವೆ. ಯಂತ್ರಕ್ಕೆ ಸಾಲ ಕೇಳಿಕೊಂಡು ಸಂಘಕ್ಕೆ ಬರುವ ಸದಸ್ಯರು ಅದರ ಎಣ್ಣೆ ಖರ್ಚು, ಬಿಡಿಭಾಗ, ಗ್ಯಾರಂಟಿ ಎಲ್ಲವನ್ನೂ ವಿಚಾರಿಸುತ್ತಾರೆ. ಅದರ ಸದ್ದೆಷ್ಟು ಎಂದು ಕೇಳಿದವರನ್ನು ನಾನು ಕಂಡಿಲ್ಲ. ಒಳ್ಳೆಯ ಕಂಪನಿಯ ಯಂತ್ರವಾದರೆ ಜತೆಗೆ ಬರುವ ಪುಸ್ತಿಕೆಯಲ್ಲಿ, ನಡೆಸುವವನ ಕಿವಿಯ ಬಳಿ ಎಷ್ಟು ಡೆಸಿಬೆಲ್ ಸದ್ದು ಬೀಳುತ್ತದೆ ಎಂಬ ಅಂಕಿ ಅಚ್ಚಾಗಿರುತ್ತದೆ. ಪುಸ್ತಿಕೆ ಇನ್ನೂ ಮನೆಯಲ್ಲಿದ್ದರೆ ದಯವಿಟ್ಟು ಒಮ್ಮೆ ತೆರೆದು ನೋಡಿ.

ಡೆಸಿಬೆಲ್ ಲೆಕ್ಕ ನಮ್ಮ ಮೂಟೆ, ಕ್ವಿಂಟಾಲುಗಳ ಲೆಕ್ಕದಂತಲ್ಲ. ಮೂರು ಡೆಸಿಬೆಲ್ ಏರಿದರೆ ಸದ್ದಿನ ಶಕ್ತಿ ಇಮ್ಮಡಿ. ಹತ್ತು ಏರಿದರೆ ಹತ್ತು ಪಟ್ಟು. 85 ಡೆಸಿಬೆಲ್ ಸದ್ದಿನಲ್ಲಿ ದಿನಕ್ಕೆ 8 ಗಂಟೆ ಕೆಲಸ ಮಾಡಬಹುದು ಎಂಬುದು ಔದ್ಯೋಗಿಕ ಆರೋಗ್ಯ ತಜ್ಞರು ಸಾಮಾನ್ಯವಾಗಿ ಇಟ್ಟುಕೊಂಡಿರುವ ಮಿತಿ. ಅಲ್ಲಿಂದ ಮೇಲೆ ಪ್ರತಿ ಮೂರು ಡೆಸಿಬೆಲ್‌ಗೆ ಅವಧಿ ಅರ್ಧಕ್ಕೆ ಇಳಿಯುತ್ತದೆ. 88ಕ್ಕೆ 4 ಗಂಟೆ, 91ಕ್ಕೆ 2 ಗಂಟೆ, 94ಕ್ಕೆ 1 ಗಂಟೆ, 97ಕ್ಕೆ ಅರ್ಧ ಗಂಟೆ, 100ಕ್ಕೆ ಕಾಲು ಗಂಟೆ. ಪೆಟ್ರೋಲ್ ಕಳೆ ಯಂತ್ರಗಳ ಸದ್ದು ಸಾಮಾನ್ಯವಾಗಿ 95ರಿಂದ 100ರ ಆಸುಪಾಸಿನಲ್ಲಿರುತ್ತದೆ. ಚೈನ್ ಸಾ 100ನ್ನು ದಾಟುತ್ತದೆ. ಅಂದರೆ ಬೆಳಗಿನ ಕಾಫಿಗೆ ಬಿಡುವು ಕೊಡುವ ಮೊದಲೇ ಕಿವಿಯ ಆ ದಿನದ ಪಡಿ ಮುಗಿದಿರುತ್ತದೆ. ಕೋವಿಯ ಈಡು 140 ಡೆಸಿಬೆಲ್‌ಗೂ ಮೇಲೆ. ಅಲ್ಲಿ ಗಂಟೆಯ ಲೆಕ್ಕವೇ ಇಲ್ಲ, ಒಂದೇ ಈಡು ಕಿವಿಯನ್ನು ಶಾಶ್ವತವಾಗಿ ಕೆಡಿಸಬಲ್ಲುದು. ಯಂತ್ರದ ಅಂಕಿ ಸಿಗದಿದ್ದರೆ ಒಂದು ಒರಟು ಪರೀಕ್ಷೆ ಉಂಟು: ಕೈಚಾಚುವಷ್ಟು ದೂರದಲ್ಲಿ ನಿಂತವನಿಗೆ ಕೂಗಿ ಹೇಳಬೇಕಾದರೆ ಸದ್ದು ಮಿತಿ ಮೀರಿದೆ. ಸುಗ್ಗಿಯಲ್ಲಿ ಸುಲಿಯುವ ಯಂತ್ರದ ಪಕ್ಕ ಚಪ್ಪರದಡಿ ರಾತ್ರಿ ಹನ್ನೊಂದರವರೆಗೆ ಕುಳಿತು ಅಡಿಕೆ ಆರಿಸುವ ಮನೆಯ ಹೆಂಗಸರಿಗೂ ಈ ಪರೀಕ್ಷೆ ಅನ್ವಯಿಸುತ್ತದೆ.

ಕೆಡುವುದು ಹೇಗೆ? ಒಳಕಿವಿಯಲ್ಲಿ ಬಸವನಹುಳುವಿನ ಚಿಪ್ಪಿನಂತೆ ಸುರುಳಿ ಸುತ್ತಿದ ಭಾಗವೊಂದಿದೆ. ಅದರೊಳಗೆ ಹುಟ್ಟುವಾಗ ಸುಮಾರು 15,000 ಸೂಕ್ಷ್ಮ ಕೇಶಕೋಶಗಳಿರುತ್ತವೆ. ಸದ್ದನ್ನು ನರಕ್ಕೆ ತಲುಪಿಸುವ ಕೆಲಸ ಅವುಗಳದು. ಅತಿ ಸದ್ದಿಗೆ ಅವು ಮೊದಲು ಬಾಡುತ್ತವೆ, ಮತ್ತೆ ಮತ್ತೆ ಹೊಡೆತ ಬಿದ್ದರೆ ಸಾಯುತ್ತವೆ. ಮನುಷ್ಯರಲ್ಲಿ ಅವು ಮರಳಿ ಹುಟ್ಟುವುದಿಲ್ಲ. ಸಂಜೆ ಕಿವಿ ಗುಂಯ್ ಎನ್ನುವುದು, ಬೆಳಗ್ಗೆ ಎದ್ದಾಗ ಸರಿಹೋದಂತೆ ತೋರುವುದು ಈ ಬಾಡುವಿಕೆಯ ಲಕ್ಷಣ. ಸದ್ದಿನ ಏಟು ಮೊದಲು ಬೀಳುವುದು 4,000 ಹರ್ಟ್ಸ್ ಸುತ್ತಿನ ತೆಳು ಧ್ವನಿಗಳ ಮೇಲೆ. ಆದ್ದರಿಂದ ದಪ್ಪ ಧ್ವನಿಯ ಸ್ವರಗಳು ಚೆನ್ನಾಗಿ ಕೇಳುತ್ತಲೇ ಇರುತ್ತವೆ. ಸ, ಶ, ತ, ಕ ಮುಂತಾದ ವ್ಯಂಜನಗಳು ಜಾರಿಹೋಗುತ್ತವೆ. ‘ಮಾತು ಕೇಳಿಸುತ್ತದೆ, ಏನೆಂದು ತಿಳಿಯುವುದಿಲ್ಲ’ ಎಂಬ ದೂರಿನ ಮೂಲ ಇದು. ‘ಸಾಲ’ ಎಂದದ್ದು ‘ಕಾಲ’ ಎಂದು ಕೇಳಿಸಬಹುದು. (ಸಾಲದ ಕಂತಿನ ಬಗ್ಗೆ ನಾನು ಮಾತೆತ್ತಿದಾಗ ಮಾತ್ರ ಕೆಲವರಿಗೆ ಹೀಗಾಗುವುದು ಬೇರೆ ಕಾಯಿಲೆ, ಅದಕ್ಕೆ ಈ ಲೇಖನದಲ್ಲಿ ಮದ್ದಿಲ್ಲ.)

ಹಾಗಾದರೆ ಏನು ಹಾಕಿಕೊಳ್ಳಬೇಕು? ಕಿವಿಗೆ ಹತ್ತಿ ತುರುಕುವುದು, ತಲೆಗೆ ಟವೆಲು ಸುತ್ತುವುದು ಮನಸ್ಸಿಗೆ ಸಮಾಧಾನವೇ ಹೊರತು ರಕ್ಷಣೆಯಲ್ಲ. ಪೇಟೆಯಲ್ಲಿ ಸಿಗುವುದು ಮುಖ್ಯವಾಗಿ ಮೂರು ಬಗೆ: ಹಿಸುಕಿ ತುರುಕುವ ಮೆತ್ತನೆಯ ಫೋಮ್ ಬಿರಡೆ, ತೊಳೆದು ಮತ್ತೆ ಬಳಸುವ ರಬ್ಬರು ಅಥವಾ ಸಿಲಿಕೋನ್ ಬಿರಡೆ, ಕಿವಿಯನ್ನು ಪೂರ್ತಿ ಮುಚ್ಚುವ ಇಯರ್ ಮಫ್. ಪೊಟ್ಟಣದ ಮೇಲೆ ಎನ್.ಆರ್.ಆರ್. ಎಂಬ ಮೂರಕ್ಷರದ ಮುಂದೆ ಒಂದು ಅಂಕಿ ಇರುತ್ತದೆ. ಯುರೋಪಿನ ಮಾಲಾದರೆ ಎಸ್.ಎನ್.ಆರ್. ಎಂದಿರುತ್ತದೆ. 29 ಎಂದು ಬರೆದಿದ್ದರೆ 29 ಡೆಸಿಬೆಲ್ ಕಡಿಮೆಯಾಗುತ್ತದೆಂದು ನಂಬಬೇಡಿ. ಅದು ಪ್ರಯೋಗಾಲಯದ ಅಂಕಿ. ಎನ್.ಆರ್.ಆರ್. ಅಂಕಿಯಲ್ಲಿ ಏಳನ್ನು ಕಳೆದು ಉಳಿದುದರಲ್ಲಿ ಅರ್ಧ ಹಿಡಿಯುವುದು ಮುಂಜಾಗ್ರತೆಯ ಲೆಕ್ಕ. 29 ಇದ್ದದ್ದು ಹೀಗೆ 11 ಆಗುತ್ತದೆ. ಹನ್ನೊಂದೇ ಎಂದು ಮೂಗು ಮುರಿಯಬೇಕಾಗಿಲ್ಲ. 97 ಡೆಸಿಬೆಲ್ ಯಂತ್ರ 86ಕ್ಕೆ ಇಳಿಯಿತು, ಅರ್ಧ ಗಂಟೆಯ ಪಡಿ ಆರು ಗಂಟೆಗೂ ಮೇಲೆ ಹೋಯಿತು. ಆದರೆ ಸೆಖೆ ಎಂದು ನಡುವೆ ತೆಗೆದು ಅರ್ಧ ಗಂಟೆ ಯಂತ್ರ ಓಡಿಸಿದರೆ ಆ ದಿನದ ಪಡಿ ಅಲ್ಲಿಗೇ ಮುಗಿಯಿತು. ಉಳಿದ ಹೊತ್ತು ಹಾಕಿಕೊಂಡಿದ್ದೂ ಸಾಲದು. ಆದ್ದರಿಂದ ಅಂಕಿ ದೊಡ್ಡದಿರುವ ಆದರೆ ಕಿವಿ ನೋಯಿಸುವ ಮಾಲಿಗಿಂತ, ಅಂಕಿ ತುಸು ಕಡಿಮೆಯಾದರೂ ದಿನವಿಡೀ ತೊಟ್ಟುಕೊಳ್ಳಬಹುದಾದದ್ದೇ ಮೇಲು ಎಂಬುದು ನನ್ನ ಅಭಿಪ್ರಾಯ.

ಫೋಮ್ ಬಿರಡೆಯ ಗುಣವೆಲ್ಲ ಅದನ್ನು ಹಾಕುವ ಕ್ರಮದಲ್ಲಿದೆ. ಬೆರಳುಗಳ ನಡುವೆ ಹೊಸೆದು ಬತ್ತಿಯಂತೆ ಸಣ್ಣಗೆ ಮಾಡಬೇಕು. ಇನ್ನೊಂದು ಕೈಯನ್ನು ತಲೆಯ ಮೇಲಿಂದ ತಂದು ಕಿವಿಯನ್ನು ಮೇಲಕ್ಕೂ ಹಿಂದಕ್ಕೂ ಎಳೆದು ಒಳಗೆ ಸೇರಿಸಬೇಕು. ಅದು ಉಬ್ಬಿ ಕೂರುವವರೆಗೆ ಅರ್ಧ ನಿಮಿಷ ಬೆರಳಿನಿಂದ ಒತ್ತಿ ಹಿಡಿಯಬೇಕು. ಅರ್ಧ ಹೊರಗೆ ಚಾಚಿಕೊಂಡಿದ್ದರೆ ಹಾಕಿಯೂ ಹಾಕದಂತೆಯೇ. ಮಣ್ಣು, ಬೋರ್ಡೋ ಮದ್ದು ಮೆತ್ತಿದ ಕೈಯಲ್ಲಿ ಇದನ್ನು ಹೊಸೆಯಬಾರದು. ಮಳೆಗಾಲದಲ್ಲಿ ನಮ್ಮ ಕಡೆ ಕಿವಿಯೊಳಗೆ ಬೂಸ್ಟು ಹಿಡಿಯುವ ಕಾಯಿಲೆ ಮೊದಲೇ ಇದೆ. ಕಿವಿ ಸೋರುವವರು ಬಿರಡೆಯನ್ನೇ ಹಾಕದೆ ಮಫ್ ಬಳಸಲಿ. ಮಫ್ ಹಾಕಲು ತೆಗೆಯಲು ಸುಲಭ, ಮಣ್ಣುಗೈಯವರಿಗೆ ಅನುಕೂಲ. ಆದರೆ ಮೆತ್ತೆ ಚರ್ಮಕ್ಕೆ ಸುತ್ತಲೂ ಅಂಟಿಕೊಂಡಿರಬೇಕು. ಕನ್ನಡಕದ ಕಡ್ಡಿ, ಮಂಗನ ಟೋಪಿ, ತಲೆವಸ್ತ್ರಗಳ ಮೇಲೆ ಕೂರಿಸಿದರೆ ಸಂದಿಯಲ್ಲಿ ಸದ್ದು ನುಗ್ಗುತ್ತದೆ. ಹಾಳೆಟೊಪ್ಪಿ ಹಾಕುವವರು ಮೊದಲು ಮಫ್ ಹಾಕಿ ಮೇಲೆ ಟೊಪ್ಪಿ ಇಡಬೇಕು. ಚೈನ್ ಸಾ ಹಿಡಿಯುವವರು ಬಿರಡೆ, ಮಫ್ ಎರಡನ್ನೂ ಹಾಕುವುದು ಒಳ್ಳೆಯದು. ಎರಡೂ ಸೇರಿದಾಗ ಹೆಚ್ಚುವುದು ಸುಮಾರು 5 ಡೆಸಿಬೆಲ್ ಮಾತ್ರ. ಆದರೂ ಆ ಐದು ಬೇಕು.

ಇಲ್ಲಿ ಕೆಲಸಗಾರರು ಎತ್ತುವ ಒಂದು ಆಕ್ಷೇಪಣೆ ನ್ಯಾಯವಾದದ್ದು. ‘ಕಿವಿ ಮುಚ್ಚಿಕೊಂಡ್ರೆ ಆನೆ ಬಂದದ್ದು ಹೇಗೆ ಗೊತ್ತಾಗ್ಬೇಕಣ್ಣಾ?’ ಎಂದು ಕೇಳುತ್ತಾರೆ. ಆನೆಯೋ ಕಾಡುಕೋಣವೋ ಓಡಾಡುವ ತೋಟದಲ್ಲಿ ಇದು ಪ್ರಾಣದ ಪ್ರಶ್ನೆ. ಆದರೆ ಯಂತ್ರ ಓಡುತ್ತಿರುವಾಗ ಬರಿಗಿವಿಗೂ ಕೊಂಬೆ ಮುರಿದ ಸದ್ದು ಕೇಳಿಸದು. ಆಗ ಕಾಯುವುದು ಕಿವಿಯಲ್ಲ, ಕಣ್ಣು. ಯಂತ್ರ ಓಡಿಸುವವನನ್ನು ಒಂಟಿಯಾಗಿ ಕಳಿಸಬಾರದು. ನೋಡಿಕೊಳ್ಳಲು ಇನ್ನೊಬ್ಬನಿರಬೇಕು, ಕೈಸನ್ನೆ ಮೊದಲೇ ಗೊತ್ತುಮಾಡಿಕೊಂಡಿರಬೇಕು. ಆಗಾಗ ಯಂತ್ರ ನಿಲ್ಲಿಸಿ, ಮಫ್ ಸರಿಸಿ ಆಲಿಸಬೇಕು. ಸಣ್ಣ ಸದ್ದನ್ನು ಒಳಗೆ ಬಿಟ್ಟು ದೊಡ್ಡ ಸದ್ದನ್ನು ತಡೆಯುವ ಎಲೆಕ್ಟ್ರಾನಿಕ್ ಮಫ್‌ಗಳೂ ಬಂದಿವೆ. ಬೆಲೆ ಹೆಚ್ಚು, ಬೆಳೆ ಕಾಯಲು ಕೋವಿ ಹಿಡಿಯುವವರಿಗೆ ಅವು ತಕ್ಕವು. ದಿಟವಾಗಿ ಯೋಚಿಸಿದರೆ, ಕಿವಿ ಹೋದವನಿಗೆ ಯಂತ್ರವಿಲ್ಲದ ಹೊತ್ತಿನಲ್ಲೂ, ನಸುಕಿನಲ್ಲಿ ಕಣಕ್ಕೆ ಹೋಗುವಾಗಲೂ ಆನೆಯ ಸುಳಿವು ಸಿಗದು. ಮಫ್ ಹಾಕಿಕೊಳ್ಳಬೇಕಾದದ್ದು ಆ ಕಾರಣಕ್ಕೇ. ಯಂತ್ರ ಕೊಟ್ಟ ಮಾಲೀಕನೇ ಇದನ್ನೂ ಕೊಡಿಸಬೇಕು; ಕೂಲಿಯಿಂದ ಕೊಳ್ಳಲಿ ಎನ್ನುವುದು ಸರಿಯಲ್ಲ. ಹಾಗೆಯೇ ಒಡೆದ ಸೈಲೆನ್ಸರ್ ಬದಲಿಸುವುದು, ಪಲ್ಪರಿನ ಎಂಜಿನನ್ನು ಗೋಡೆಯ ಆಚೆ ಕೂರಿಸುವುದು ಮುಂತಾದ ಸಣ್ಣ ಕೆಲಸಗಳಿಂದಲೂ ಸದ್ದು ತಗ್ಗುತ್ತದೆ. ಬಯಲಿನಲ್ಲಿ ದೂರ ಇಮ್ಮಡಿಯಾದರೆ ಸುಮಾರು 6 ಡೆಸಿಬೆಲ್ ಇಳಿಯುತ್ತದೆ.

ಈಗಾಗಲೇ ಮಂದವಾದ ಕಿವಿಗೆ

ಕಿವಿ ಕೇಳುತ್ತಿಲ್ಲವೆಂದು ನೇರವಾಗಿ ಸಾಧನದ ಅಂಗಡಿಗೆ ಹೋಗಬಾರದು. ಮೊದಲು ಕಿವಿ ಮೂಗು ಗಂಟಲಿನ ವೈದ್ಯರ ಬಳಿ ಹೋಗಬೇಕು. ಗುಗ್ಗೆ ಕಟ್ಟಿದ್ದರೆ ತೆಗೆದರೆ ಸಾಕು. ತಮಟೆ ತೂತಾಗಿದ್ದರೆ, ನೀರು ತುಂಬಿದ್ದರೆ ಚಿಕಿತ್ಸೆಯಿದೆ. ಬಿಸಿ ಎಣ್ಣೆ ಬಿಡುವ ಮನೆಮದ್ದು ಬೇಡ. ಒಂದೆರಡು ದಿನದಲ್ಲೇ ಒಂದು ಕಿವಿ ಹಠಾತ್ತನೆ ಮುಚ್ಚಿಹೋದರೆ ಅದು ತುರ್ತು ಸ್ಥಿತಿ. ಕೊಯ್ಲು ಮುಗಿಯಲಿ ಎಂದು ಕಾಯಬಾರದು. ತಡವಾದಷ್ಟೂ ಔಷಧಿಯ ಫಲ ಕುಗ್ಗುತ್ತದೆ.

ಬಳಿಕ ಆಡಿಯಾಲಜಿಸ್ಟರಿಂದ ಶ್ರವಣ ಪರೀಕ್ಷೆ. ಆಡಿಯೋಗ್ರಾಂ ಎಂಬ ನಕ್ಷೆಯ ಪ್ರತಿಯನ್ನು ಕೇಳಿ ಪಡೆಯಿರಿ, ಪಹಣಿಯಷ್ಟೇ ಜೋಪಾನವಾಗಿಡಿ. ಪರೀಕ್ಷಿಸುವವರು ಭಾರತೀಯ ಪುನರ್ವಸತಿ ಪರಿಷತ್ತಿನಲ್ಲಿ ನೋಂದಾಯಿಸಿದವರೇ ಎಂದು ಕೇಳುವುದರಲ್ಲಿ ಸಂಕೋಚ ಬೇಡ. ಮೈಸೂರಿನ ಮಾನಸಗಂಗೋತ್ರಿಯಲ್ಲಿರುವ ಅಖಿಲ ಭಾರತ ವಾಕ್ ಶ್ರವಣ ಸಂಸ್ಥೆ 1960ರ ದಶಕದಿಂದಲೂ ಈ ಕೆಲಸಕ್ಕೇ ಮೀಸಲಾದ ಕೇಂದ್ರ ಸರ್ಕಾರದ ಸಂಸ್ಥೆ. ನಮ್ಮ ಜಿಲ್ಲೆಗಳವರಿಗೆ ಅದಕ್ಕಿಂತ ನಂಬಿಕೆಯ ಜಾಗ ಬೇರೆ ಬೇಕಿಲ್ಲ.

ಸಾಧನದ ವಿಷಯದಲ್ಲಿ ಮಾರುವವರು 16 ಚಾನೆಲ್, 32 ಚಾನೆಲ್ ಎಂದು ಮಾತಿನ ಮಳೆ ಸುರಿಸುತ್ತಾರೆ. ಚಾನೆಲ್ ಎಷ್ಟಾದರೂ ಇರಲಿ, ನಿಮ್ಮ ಆಡಿಯೋಗ್ರಾಂಗೆ ತಕ್ಕಂತೆ ಹೊಂದಿಸಿಕೊಟ್ಟು, ಹದಿನೈದು ದಿನದ ಮೇಲೆ ಮತ್ತೆ ಹೋದಾಗ ಬೇಸರಿಸದೆ ತಿದ್ದಿಕೊಡುವವರು ಯಾರು ಎಂಬುದೇ ಮುಖ್ಯ. ಕೆಲವು ನೂರು ರೂಪಾಯಿಗೆ ಸಿಗುವ ಧ್ವನಿವರ್ಧಕ ಗುಂಡಿಗಳು ಎಲ್ಲ ಸದ್ದನ್ನೂ ಒಂದೇ ಸಮನೆ ಹಿಗ್ಗಿಸುತ್ತವೆ; ಅವು ಶ್ರವಣ ಸಾಧನವಲ್ಲ. ಸದ್ದಿನಿಂದ ತೆಳು ಧ್ವನಿ ಮಾತ್ರ ಕಳೆದುಕೊಂಡವರಿಗೆ, ಕಿವಿಯ ಹಿಂದೆ ಕೂತು ತೆಳು ತಂತಿಯ ತುದಿಯಲ್ಲಿ ಸಣ್ಣ ಸ್ಪೀಕರನ್ನು ಕಿವಿಯೊಳಗೆ ಇಳಿಬಿಡುವ ಆರ್.ಐ.ಸಿ. ಮಾದರಿ ಹಿತ. ಕಿವಿ ಪೂರ್ತಿ ಕಟ್ಟಿದಂತಾಗುವುದಿಲ್ಲ. ಆದರೆ ಆ ಸ್ಪೀಕರಿಗೆ ಗುಗ್ಗೆ, ತೇವಗಳ ಕಾಟ ಹೆಚ್ಚು. ಶ್ರವಣದೋಷ ಹೆಚ್ಚಾಗಿರುವವರಿಗೆ, ಜಡ್ಡುಗಟ್ಟಿದ ಬೆರಳಿನವರಿಗೆ, ಕಿವಿಯ ಅಚ್ಚು ತೆಗೆದು ಮಾಡಿಸುವ ಬಿ.ಟಿ.ಇ. ಮಾದರಿಯೇ ಗಟ್ಟಿ. ಕಿವಿಯೊಳಗೇ ಅಡಗುವ ಪುಟ್ಟ ಸಾಧನ ನೋಡಲು ಚೆಂದ, ಅದನ್ನು ಕಾಫಿ ಗಿಡದ ಬುಡದಲ್ಲಿ ಹುಡುಕುವುದು ಚೆಂದವಲ್ಲ.

ಮಲೆನಾಡಿನ ಮಳೆಗಾಲವನ್ನು ಗಮನದಲ್ಲಿಟ್ಟು ಕೊಳ್ಳಬೇಕು. ರಾತ್ರಿ ಸಾಧನವನ್ನು ತೇವ ಹೀರುವ ಸಿಲಿಕಾ ಜೆಲ್ ಹಾಕಿದ ಮುಚ್ಚಳದ ಡಬ್ಬಿಯಲ್ಲಿಡಿ, ಬ್ಯಾಟರಿ ಬಾಗಿಲು ತೆರೆದಿರಲಿ. ಬಚ್ಚಲ ಒಲೆಯ ಬಳಿ ಒಣಗಿಸಬಾರದು. ಚಾರ್ಜ್ ಮಾಡುವ ಮಾದರಿ ಪೇಟೆಯವರಿಗೆ ಅನುಕೂಲ. ಆಷಾಢದಲ್ಲಿ ನಾಲ್ಕು ದಿನ ಕರೆಂಟಿಲ್ಲದ ನಮ್ಮಂಥವರಿಗೆ ಬಿಡಿ ಬ್ಯಾಟರಿಯದೇ ವಾಸಿ. ಈ ಬ್ಯಾಟರಿಗಳು ಅಂಟುಪಟ್ಟಿ ಕಿತ್ತ ಮೇಲೆ ಗಾಳಿಯಿಂದ ಕೆಲಸ ಮಾಡುವಂಥವು. ಕಿತ್ತು ಒಂದು ನಿಮಿಷ ಬಿಟ್ಟು ಹಾಕಬೇಕು. ಕಂದು ಪಟ್ಟಿಯದು 312, ಕಿತ್ತಳೆಯದು 13, ನೀಲಿಯದು 675. ಮಕ್ಕಳು ನುಂಗಿದರೆ ಅಪಾಯ, ಕೂಡಲೇ ಆಸ್ಪತ್ರೆಗೆ ಒಯ್ಯಬೇಕು. ಕೊಳ್ಳುವ ಮುನ್ನ ಕೆಲವು ದಿನ ಪ್ರಯೋಗಕ್ಕೆ ಕೇಳಿ, ಮದುವೆ ಮನೆಯಲ್ಲೋ ಸಂತೆಯಲ್ಲೋ ಹಾಕಿ ನೋಡಿ. ನಿಶ್ಶಬ್ದ ಕೋಣೆಯಲ್ಲಿ ಎಲ್ಲವೂ ಚೆನ್ನಾಗಿಯೇ ಕೇಳುತ್ತದೆ. ಮೊದಲ ವಾರಗಳಲ್ಲಿ ಪಾತ್ರೆಯ ಸದ್ದೂ ಚುಚ್ಚುತ್ತದೆ, ಪೆಟ್ಟಿಗೆಗೆ ಸೇರಿಸಬೇಡಿ. ಇನ್ನೊಂದು ಮಾತು: ಯಂತ್ರ ನಡೆಸುವಾಗ ಶ್ರವಣ ಸಾಧನವನ್ನು ತೆಗೆದು ಮಫ್ ಹಾಕಬೇಕು. ಆಫ್ ಮಾಡಿಟ್ಟ ಸಾಧನ ಬಿರಡೆಯ ಕೆಲಸ ಮಾಡದು.

ಕೇಂದ್ರ ಸರ್ಕಾರದ ಎಡಿಪ್ ಯೋಜನೆಯಲ್ಲಿ (1981ರಿಂದ ಇದೆ) ಸಾಧನ ಪಡೆಯಲು ಶೇಕಡಾ 40ರ ಅಂಗವೈಕಲ್ಯ ಪ್ರಮಾಣಪತ್ರ ಬೇಕು, ಆದಾಯದ ಮಿತಿಯೂ ಇದೆ. ಬಡ ಹಿರಿಯ ನಾಗರಿಕರಿಗಾಗಿ 2017ರಲ್ಲಿ ರಾಷ್ಟ್ರೀಯ ವಯೋಶ್ರೀ ಯೋಜನೆ ಬಂತು. ಸದ್ದಿನಿಂದ ಮಂದವಾದ ಕಿವಿ ಅನೇಕ ವೇಳೆ ಆ 40ನ್ನು ಮುಟ್ಟುವುದಿಲ್ಲವಾದ್ದರಿಂದ ನಮ್ಮಲ್ಲಿ ಬಹುಪಾಲು ಜನ ಕೈಯಿಂದಲೇ ಹಣ ಹಾಕಬೇಕಾದೀತು.

ಸಾಧನದೊಂದಿಗೆ ಬಳಸುವ ಸಹಾಯಕಗಳೂ ಇವೆ. ಮಾತನಾಡುವವರ ಅಂಗಿಗೆ ಸಿಕ್ಕಿಸುವ ಸಣ್ಣ ಮೈಕು ಅವರ ಮಾತನ್ನು ನೇರ ನಿಮ್ಮ ಸಾಧನಕ್ಕೇ ಕಳಿಸುತ್ತದೆ. ಸಭಾಂಗಣದ ಸುತ್ತ ತಂತಿ ಎಳೆದು ಮೈಕಿಗೆ ಜೋಡಿಸಿದರೆ, ಟೆಲಿಕಾಯಿಲ್ ಇರುವ ಸಾಧನದವರಿಗೆ ಗದ್ದಲವಿಲ್ಲದೆ ಭಾಷಣ ಮಾತ್ರ ಕೇಳುತ್ತದೆ. ಆದ್ದರಿಂದ ಕೊಳ್ಳುವಾಗ ಟೆಲಿಕಾಯಿಲ್ ಇದೆಯೇ ಎಂದು ಕೇಳಿ. ಆಡಿದ ಮಾತನ್ನು ಕನ್ನಡ ಅಕ್ಷರದಲ್ಲಿ ತೋರಿಸುವ ಆ್ಯಪ್ ಮೊಬೈಲಿನಲ್ಲೇ ಸಿಗುತ್ತದೆ. ನೆಟ್‌ವರ್ಕ್ ಇರುವಲ್ಲಿ ಪರವಾಗಿಲ್ಲ. ಮಹಾಸಭೆಯಲ್ಲಿ ಹಿಂದಿನ ಸಾಲಿನಲ್ಲಿ ಕುಳಿತು, ಕೇಳಿಸದ ಠರಾವಿಗೂ ಕೈಯೆತ್ತುವ ಹಿರಿಯ ಸದಸ್ಯರು ನಮ್ಮಲ್ಲಿದ್ದಾರೆ. ಸಂಘದ ಸಭಾಂಗಣಕ್ಕೆ ಇಂಥ ತಂತಿ ಹಾಕಿಸುವ ಖರ್ಚಿನ ವಿಚಾರವನ್ನು ಆಡಳಿತ ಮಂಡಳಿಯ ಮುಂದಿನ ಸಭೆಯಲ್ಲಿ ಇಡುತ್ತೇನೆ.

ಶ್ರವಣ ಪರೀಕ್ಷೆಗೆ ಒಟ್ಟಾಗಿ ಮೈಸೂರಿಗೆ ಹೋಗಿಬರಲು ಇಚ್ಛಿಸುವ ಸದಸ್ಯರು, ಯಂತ್ರ ಓಡಿಸುವ ತಮ್ಮ ಕೆಲಸಗಾರರ ಹೆಸರನ್ನೂ ಸೇರಿಸಿ ಕಚೇರಿಯಲ್ಲಿ ಬರೆಸಬೇಕಾಗಿ ಕೋರಿಕೆ. ಹಳೆಯ ಆಡಿಯೋಗ್ರಾಂ ಇದ್ದವರು ತರುವುದು. ಪರೀಕ್ಷೆಯ ಹಿಂದಿನ ದಿನ ಯಾರೂ ಕಳೆ ಯಂತ್ರ, ಚೈನ್ ಸಾ ಹಿಡಿಯಬಾರದು. ಬಾಡಿದ ಕಿವಿಯ ನಕ್ಷೆ ತಪ್ಪು ಬರುತ್ತದೆ.